ವಿಮಾ ಏಜೆಂಟ್ ಆಗಬೇಕಾ? ಎರಡನೇ ಕಂತಿನಿಂದ ಲೆಕ್ಕ ಶುರು ಮಾಡಿ

ನಾನು ಮಾಡಿಸಿದ ಮೊದಲ ಪಾಲಿಸಿ ನಮ್ಮ ಭಾವನದು. ಎರಡನೆಯದು ಚಿಕ್ಕಪ್ಪನ ಮಗನದು. ಮೂರನೆಯದು ಅಮ್ಮನ ತವರಿನ ಕಡೆಯವರದು. ಹೀಗೆ ಆರು ತಿಂಗಳಲ್ಲಿ ಒಂಬತ್ತು ಪಾಲಿಸಿ ಆದವು. ಬ್ರಾಂಚಿನ ಮೀಟಿಂಗಿನಲ್ಲಿ ಚಪ್ಪಾಳೆ ತಟ್ಟಿದರು, ಒಂದು ಗೋಡೆ ಗಡಿಯಾರ ಕೊಟ್ಟರು. ಮಾರನೇ ವರ್ಷ ಆ ಒಂಬತ್ತರಲ್ಲಿ ಕಂತು ಕಟ್ಟಿದವರು ನಾಲ್ಕೇ ಜನ. ಉಳಿದ ಐದು ಲ್ಯಾಪ್ಸ್. ಗಡಿಯಾರ ಮಾತ್ರ ಈಗಲೂ ಓಡುತ್ತಿದೆ.

ಶಿವಮೊಗ್ಗ ಜಿಲ್ಲೆಯ ಒಂದು ತಾಲೂಕು ಕೇಂದ್ರದಲ್ಲಿ ಕೂತು ಈ ಕೆಲಸ ಮಾಡುತ್ತಿದ್ದೇನೆ. ಹೊಸಬರು ಬಂದು "ಸಾರ್, ಏಜೆನ್ಸಿ ತಗೋಬೇಕು ಅಂತಿದ್ದೀನಿ, ಹೇಗೆ?" ಎಂದು ಕೇಳುತ್ತಾರೆ. ಅವರಿಗೆ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಪರೀಕ್ಷೆ, ಫಾರ್ಮು, ಕಾಗದ ಪತ್ರ ಎಲ್ಲ ಸುಲಭ. ಕಷ್ಟ ಇರುವುದು ಮಾಡಿಸಿದ ಪಾಲಿಸಿ ಉಳಿಯುವಂತೆ ನೋಡಿಕೊಳ್ಳುವುದರಲ್ಲಿ. ಹಾಗಾಗಿ ಅದರ ಮಾತೇ ಇಲ್ಲಿ ಜಾಸ್ತಿ.

ಒಳಗೆ ಹೋಗಲು ಮೂರು ಬಾಗಿಲು

"ಸ್ವತಂತ್ರ ಏಜೆಂಟ್" ಎಂದರೆ ಎಲ್ಲ ಕಂಪನಿಯ ಪಾಲಿಸಿಗಳನ್ನೂ ಚೀಲದಲ್ಲಿ ಇಟ್ಟುಕೊಂಡು ಓಡಾಡುವವನು ಎಂದು ಕೆಲವರು ತಿಳಿದಿದ್ದಾರೆ. ನಮ್ಮ ದೇಶದಲ್ಲಿ ಹಾಗಿಲ್ಲ. ವಿಮಾ ನಿಯಂತ್ರಕ ಸಂಸ್ಥೆಯಾದ ಐಆರ್‌ಡಿಎಐ 2016ರಲ್ಲಿ ಮಾಡಿದ ನಿಯಮದ ಪ್ರಕಾರ ಒಬ್ಬ ಏಜೆಂಟ್ ಒಂದು ಜೀವ ವಿಮಾ ಕಂಪನಿ, ಒಂದು ಸಾಮಾನ್ಯ ವಿಮಾ ಕಂಪನಿ ಮತ್ತು ಒಂದು ಆರೋಗ್ಯ ವಿಮಾ ಕಂಪನಿಗೆ ಕೆಲಸ ಮಾಡಬಹುದು. ಎರಡು ಜೀವ ವಿಮಾ ಕಂಪನಿಗೆ ಒಟ್ಟಿಗೆ ಆಗುವುದಿಲ್ಲ. ಪ್ಯಾನ್ ನಂಬರ್ ಹಾಕಿ ನೋಡಿದರೆ ಸಿಕ್ಕಿಬೀಳುತ್ತೀರಿ. ನೀವು ಸಂಬಳದ ನೌಕರರಲ್ಲ ಎಂಬ ಅರ್ಥದಲ್ಲಿ ಸ್ವತಂತ್ರರು, ಅಷ್ಟೇ. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳಬೇಕು ಎಂದು ಯಾರೂ ಹೇಳುವುದಿಲ್ಲ. ಅದೇ ಸುಖ, ಅದೇ ಅಪಾಯ.

ಎರಡನೆಯ ಬಾಗಿಲು ಪಿಒಎಸ್‌ಪಿ, ಅಂದರೆ ಪಾಯಿಂಟ್ ಆಫ್ ಸೇಲ್ಸ್ ಪರ್ಸನ್. ಈ ವ್ಯವಸ್ಥೆ 2015ರಲ್ಲಿ ಬಂತು. 15 ಗಂಟೆ ತರಬೇತಿ, ಆಮೇಲೆ ನೀವು ಸೇರುವ ಸಂಸ್ಥೆಯೇ ನಡೆಸುವ ಪರೀಕ್ಷೆ. ಒಬ್ಬ ಬ್ರೋಕರ್ ಕೈಕೆಳಗೆ ಪಿಒಎಸ್‌ಪಿ ಆದರೆ ಆ ಬ್ರೋಕರ್ ಹತ್ತಿರ ಇರುವ ಹಲವು ಕಂಪನಿಗಳ ಸರಳ ಪಾಲಿಸಿಗಳನ್ನು ಮಾರಬಹುದು. ಗಾಡಿ ವಿಮೆ ಮಾಡುವವರಿಗೆ ಇದು ಒಳ್ಳೆಯದು, ನಾಲ್ಕು ಕಂಪನಿಯ ರೇಟು ಮೊಬೈಲಿನಲ್ಲೇ ಹೋಲಿಸಿ ತೋರಿಸಬಹುದು. ಆದರೆ ಒಂದು ಸಮಯಕ್ಕೆ ಒಂದೇ ಸಂಸ್ಥೆಯ ಪಿಒಎಸ್‌ಪಿ ಆಗಿರಬೇಕು.

ಮೂರನೆಯದು ನೀವೇ ಬ್ರೋಕರ್ ಆಗುವುದು. ಅದಕ್ಕೆ ಕಂಪನಿ ಕಟ್ಟಬೇಕು, ಕನಿಷ್ಠ 75 ಲಕ್ಷ ರೂಪಾಯಿ ಬಂಡವಾಳ ಬೇಕು. ಅಷ್ಟು ದುಡ್ಡಿದ್ದವರು ಈ ಲೇಖನ ಓದುತ್ತಾ ಕೂತಿರುವುದಿಲ್ಲ, ಅಲ್ವಾ? ಮುಂದೆ ಹೋಗೋಣ.

ಹೆಂಗಸರಿಗೆ ಇನ್ನೊಂದು ದಾರಿ ಇದೆ. 2024ರ ಡಿಸೆಂಬರ್ 9ರಂದು ಶುರುವಾದ ಎಲ್‌ಐಸಿಯ ಬಿಮಾ ಸಖಿ. 18ರಿಂದ 70 ವರ್ಷದೊಳಗಿನ, ಹತ್ತನೇ ತರಗತಿ ಪಾಸಾದ ಹೆಂಗಸರು ಸೇರಬಹುದು. ಮೊದಲ ವರ್ಷ ತಿಂಗಳಿಗೆ 7,000, ಎರಡನೇ ವರ್ಷ 6,000, ಮೂರನೇ ವರ್ಷ 5,000 ರೂಪಾಯಿ ಸ್ಟೈಪೆಂಡ್. ಕಮಿಷನ್ ಬೇರೆ. ವರ್ಷಕ್ಕೆ 24 ಪಾಲಿಸಿ ಮಾಡಿಸಬೇಕು. ಎರಡನೇ ವರ್ಷದ ಸ್ಟೈಪೆಂಡ್ ಬರಬೇಕಾದರೆ ಮೊದಲ ವರ್ಷ ಮಾಡಿಸಿದ ಪಾಲಿಸಿಗಳಲ್ಲಿ ನೂರಕ್ಕೆ 65ರಷ್ಟಾದರೂ ಚಾಲ್ತಿಯಲ್ಲಿ ಇರಬೇಕು ಎಂಬ ಷರತ್ತಿದೆ. ಈ ಷರತ್ತನ್ನು ಬರೆದವರಿಗೆ ನನ್ನ ಗಡಿಯಾರದ ಕತೆ ಗೊತ್ತಿತ್ತೋ ಏನೋ.

ಪರೀಕ್ಷೆ: ಹೆದರಬೇಡಿ, ಹಗುರವಾಗಿಯೂ ನೋಡಬೇಡಿ

ಏಜೆಂಟ್ ಆಗಲು 18 ವರ್ಷ ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು. ಮಾರ್ಕ್ಸ್ ಕಾರ್ಡ್, ಆಧಾರ್, ಪ್ಯಾನ್, ಫೋಟೋ, ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಳ್ಳಿ. ಅರ್ಜಿ ಹಾಕುವ ಮೊದಲು ಈ ಎಲ್ಲದರಲ್ಲೂ ನಿಮ್ಮ ಹೆಸರು ಒಂದೇ ಥರ ಇದೆಯಾ ನೋಡಿ. ನಮ್ಮ ಕಡೆ ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಅಪ್ಪನ ಪೂರ್ತಿ ಹೆಸರು ಇರುತ್ತದೆ. ಈಗಲೇ ಸರಿ ಮಾಡಿಸಿಕೊಳ್ಳಿ. ಮುಂದೆ ಗ್ರಾಹಕರ ಹೆಸರಿಗೂ ಇದೇ ಪಾಡು ಪಡಬೇಕಿದೆ, ಅಭ್ಯಾಸವಾಗುತ್ತದೆ.

ಅರ್ಜಿ ಹೋಗುವುದು ನೀವು ಆರಿಸಿದ ಕಂಪನಿಗೆ. ಹಿಂದೆ ಲೈಸೆನ್ಸ್ ಎಂಬುದಿತ್ತು, ಈಗ ಕಂಪನಿಯೇ ನೇಮಕದ ಪತ್ರ ಮತ್ತು ಗುರುತಿನ ಚೀಟಿ ಕೊಡುತ್ತದೆ. ಅದಕ್ಕೂ ಮೊದಲು ತರಬೇತಿ ಮುಗಿಸಿ ಐಸಿ-38 ಎಂಬ ಪರೀಕ್ಷೆ ಪಾಸಾಗಬೇಕು. ಅದನ್ನು ನಡೆಸುವುದು ಮುಂಬೈಯ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ. 50 ಪ್ರಶ್ನೆ, ಒಂದು ಗಂಟೆ, ಪಾಸಾಗಲು ನೂರಕ್ಕೆ 35 ಸಾಕು. ಅಂದರೆ 18 ಉತ್ತರ ಸರಿ ಇದ್ದರೆ ಮುಗಿಯಿತು. ಕನ್ನಡದಲ್ಲೂ ಬರೆಯಬಹುದು.

ಒಂದು ಕಿವಿಮಾತು. ಕನ್ನಡ ಪುಸ್ತಕದ ಅನುವಾದ ಕೆಲವು ಕಡೆ ತಲೆ ಕೆಡಿಸುತ್ತದೆ. ಮನೆಯಲ್ಲಿ ದಿನಾ "ಪ್ರೀಮಿಯಂ", "ನಾಮಿನಿ", "ಸರೆಂಡರ್" ಎನ್ನುವ ನಮಗೆ ಅಲ್ಲಿನ ಪಾರಿಭಾಷಿಕ ಪದ ನೋಡಿ ಗಾಬರಿಯಾಗುತ್ತದೆ. ಪದದ ಪಕ್ಕದಲ್ಲಿ ನೀವು ಆಡುವ ಮಾತನ್ನು ಪೆನ್ಸಿಲಿನಲ್ಲಿ ಬರೆದುಕೊಂಡು ಓದಿ. 18 ಉತ್ತರಕ್ಕೆ ಎಷ್ಟು ಬೇಕೋ ಅಷ್ಟೇ ಓದಿ ಬಿಡುವವರು ಬಹಳ. ಆದರೆ ನಾಮಿನಿ ಯಾರು, ಅಸೈನ್‌ಮೆಂಟ್ ಎಂದರೇನು, ಕಂತಿನ ಗಡುವು ಮುಗಿದ ಮೇಲೆ ಎಷ್ಟು ದಿನ ರಕ್ಷಣೆ ಇರುತ್ತದೆ ಎಂಬ ಅಧ್ಯಾಯಗಳು ಪರೀಕ್ಷೆಗಿಂತ ಜಾಸ್ತಿ ನಿಮ್ಮ ಮುಂದಿನ ಇಪ್ಪತ್ತು ವರ್ಷಕ್ಕೆ ಬೇಕು. ಪಾಸಾದ ಮೇಲೆ 12 ತಿಂಗಳೊಳಗೆ ಏಜೆನ್ಸಿ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಮತ್ತೆ ಬರೆಯಬೇಕಾಗುತ್ತದೆ.

ಯಾರ ಕೈಕೆಳಗೆ ಸೇರುತ್ತೀರಿ ಎಂಬುದು ಮುಖ್ಯ

ಕಂಪನಿ ಯಾವುದು ಎಂದು ಎಲ್ಲರೂ ಯೋಚಿಸುತ್ತಾರೆ. ನಿಮ್ಮನ್ನು ಸೇರಿಸಿಕೊಳ್ಳುವ ಮನುಷ್ಯ ಯಾರು ಎಂದು ಯೋಚಿಸುವವರು ಕಡಿಮೆ. ಎಲ್‌ಐಸಿಯಲ್ಲಿ ಸಾಮಾನ್ಯವಾಗಿ ಒಬ್ಬ ಡಿಒ, ಅಂದರೆ ಡೆವಲಪ್‌ಮೆಂಟ್ ಆಫೀಸರ್, ನಿಮ್ಮನ್ನು ಕರೆತರುತ್ತಾರೆ. ಅವರು ವರ್ಷಗಟ್ಟಲೆ ಅದೇ ಊರಿನಲ್ಲಿ ಇರುತ್ತಾರೆ. ಖಾಸಗಿ ಕಂಪನಿಗಳಲ್ಲಿ ಸೇಲ್ಸ್ ಮ್ಯಾನೇಜರ್ ಇರುತ್ತಾರೆ, ಚುರುಕಾಗಿ ಕಲಿಸುತ್ತಾರೆ, ಆದರೆ ಒಂದೆರಡು ವರ್ಷದಲ್ಲಿ ಬೇರೆ ಕಂಪನಿಗೆ ಹಾರಿಬಿಡುವುದು ಸಾಮಾನ್ಯ. ನೀವು ಹಾರಲಾಗುವುದಿಲ್ಲ. ಗ್ರಾಹಕ ನಿಮ್ಮ ಬೀದಿಯವನು.

ಸೇರುವ ಮೊದಲು ಅವರ ಕೈಕೆಳಗಿನ ಇಬ್ಬರು ಹಳೆ ಏಜೆಂಟರನ್ನು ಕಾಫಿಗೆ ಕರೆದು ಮಾತಾಡಿಸಿ. ಕ್ಲೇಮ್ ಬಂದಾಗ ಜೊತೆಗೆ ಬಂದರಾ? ಮೊದಲ ಹತ್ತು ಭೇಟಿಗೆ ಬೈಕ್ ಹತ್ತಿ ಬಂದರಾ? ಕಮಿಷನ್ ಪಟ್ಟಿಯನ್ನು ಲಿಖಿತವಾಗಿ ಕೇಳಿ. ವರ್ಷಕ್ಕೆ ಕನಿಷ್ಠ ಎಷ್ಟು ಬಿಸಿನೆಸ್ ಕೊಡದಿದ್ದರೆ ಏಜೆನ್ಸಿ ಹೋಗುತ್ತದೆ, ಬಿಟ್ಟರೆ ಹಳೆಯ ಪಾಲಿಸಿಗಳ ಕಮಿಷನ್ ಮುಂದುವರಿಯುತ್ತದಾ, ನಾನು ತೀರಿಕೊಂಡರೆ ಮನೆಯವರಿಗೆ ಬರುತ್ತದಾ ಎಂದು ಕೇಳಿ. ಎಲ್‌ಐಸಿಯಲ್ಲಿ ನಿಯಮಕ್ಕೆ ಒಳಪಟ್ಟು ವಾರಸುದಾರರಿಗೆ ಕಮಿಷನ್ ಹೋಗುತ್ತದೆ, ಗ್ರಾಚ್ಯುಟಿಯೂ ಇದೆ. ಅದರ ಮಿತಿಯನ್ನು 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು.

"ಮ್ಯಾನೇಜರ್ ಹುದ್ದೆ ಖಾಲಿ ಇದೆ, ಇಂಟರ್‌ವ್ಯೂಗೆ ಬನ್ನಿ" ಎಂದು ಫೋನ್ ಬಂದರೆ ಒಂದು ಪ್ರಶ್ನೆ ಸಾಕು: "ಸಂಬಳವೋ, ಕಮಿಷನ್ನೋ?" ಪರೀಕ್ಷೆಯ ಶುಲ್ಕ ಬಿಟ್ಟು ಸಾವಿರಗಟ್ಟಲೆ ಡೆಪಾಸಿಟ್ ಕೇಳಿದರೆ ಎದ್ದು ಬನ್ನಿ.

ಇನ್ನೊಂದು ವಿಷಯ. ಅಧಿಕೃತವಾಗಿ ಏಜೆನ್ಸಿ ಹೆಂಡತಿಯ ಹೆಸರಿನಲ್ಲಿ, ಓಡಾಡುವುದು ಗಂಡ ಎಂಬ ಪದ್ಧತಿ ನಮ್ಮಲ್ಲಿ ಬಹಳ ಇದೆ. ಸರ್ಕಾರಿ ನೌಕರರು ಇದನ್ನು ಮಾಡುತ್ತಾರೆ. ಬೇಡ. ಆಕೆಗೆ ಆಸಕ್ತಿ ಇದ್ದರೆ ಆಕೆಯೇ ಮಾಡಲಿ, ನಮ್ಮೂರಿನ ಒಳ್ಳೆಯ ಏಜೆಂಟರಲ್ಲಿ ಇಬ್ಬರು ಹೆಂಗಸರೇ.

ಕಮಿಷನ್ ಲೆಕ್ಕ, ಒಂದು ಹಾಳೆಯಲ್ಲಿ

2023ರ ಏಪ್ರಿಲ್‌ನಿಂದ ಐಆರ್‌ಡಿಎಐ ಒಂದೊಂದು ಥರದ ಪಾಲಿಸಿಗೂ ಬೇರೆ ಬೇರೆ ಗರಿಷ್ಠ ಕಮಿಷನ್ ಹಾಕುವುದನ್ನು ಬಿಟ್ಟಿದೆ. ಕಂಪನಿಯ ಒಟ್ಟು ಖರ್ಚಿಗೆ ಮಾತ್ರ ಮಿತಿ. ಹಾಗಾಗಿ ದರ ಕಂಪನಿಯಿಂದ ಕಂಪನಿಗೆ ಬೇರೆ. ಲೆಕ್ಕ ಅರ್ಥವಾಗಲಿ ಎಂದು ಒಂದು ಉದಾಹರಣೆ ಹಾಕುತ್ತೇನೆ.

ವರ್ಷಕ್ಕೆ 24,000 ರೂಪಾಯಿ ಕಂತಿನ ಪಾಲಿಸಿ. ಮೊದಲ ವರ್ಷ ನೂರಕ್ಕೆ 25 ಎಂದುಕೊಳ್ಳಿ, 6,000 ಬಂತು. ಆಮೇಲೆ ಪ್ರತಿ ವರ್ಷ ನೂರಕ್ಕೆ 5 ಎಂದರೆ 1,200. ತಿಂಗಳಿಗೆ ಸರಾಸರಿ 30,000 ಬೇಕಾದರೆ ಮೊದಲ ವರ್ಷ ಇಂಥ 60 ಪಾಲಿಸಿ ಬೇಕು. ತಿಂಗಳಿಗೆ ಐದು. ನಮ್ಮ ಹಳೆ ಏಜೆಂಟರಲ್ಲಿ ಒಂದು ಮಾತಿದೆ: ಹತ್ತು ಜನರನ್ನು ನೋಡಿದರೆ ಮೂವರು ಕೂತು ಕೇಳುತ್ತಾರೆ, ಒಬ್ಬರು ಮಾಡಿಸುತ್ತಾರೆ. ಐದಕ್ಕೆ ಐವತ್ತು ಜನ. ಭಾನುವಾರ ಬಿಟ್ಟರೆ ದಿನಕ್ಕೆ ಇಬ್ಬರು ಹೊಸಬರು. ವರ್ಷಪೂರ್ತಿ.

ಈಗ ಇನ್ನೊಂದು ಕಡೆಯಿಂದ ನೋಡಿ. ವರ್ಷಕ್ಕೆ 60ರಂತೆ ಮಾಡಿಸಿ ಎಲ್ಲವೂ ಉಳಿದರೆ, ಐದನೇ ವರ್ಷ ಹಳೆಯ 240 ಪಾಲಿಸಿಗಳಿಂದಲೇ 2,88,000 ರೂಪಾಯಿ ಬರುತ್ತದೆ. ಆ ವರ್ಷ ಒಂದೂ ಹೊಸ ಪಾಲಿಸಿ ಆಗದಿದ್ದರೂ ತಿಂಗಳಿಗೆ 24,000. ಅರ್ಧ ಲ್ಯಾಪ್ಸ್ ಆದರೆ 12,000. ಹೊಸ ಏಜೆಂಟ್ ಮೊದಲ ಸಾಲನ್ನು ನೋಡಿ ಸೇರುತ್ತಾನೆ, ಹಳೆ ಏಜೆಂಟ್ ಬದುಕುವುದು ಎರಡನೇ ಸಾಲಿನಿಂದ.

2024ರ ಅಕ್ಟೋಬರ್‌ನಿಂದ ಇನ್ನೊಂದು ಬದಲಾವಣೆ ಬಂದಿದೆ. ಒಂದು ವರ್ಷದ ಕಂತು ಪೂರ್ತಿ ಕಟ್ಟಿ ಪಾಲಿಸಿ ಬಿಡುವವರಿಗೂ ಸರೆಂಡರ್ ಹಣ ಸಿಗುವಂತಾಯಿತು. ಗ್ರಾಹಕರಿಗೆ ಒಳ್ಳೆಯದೇ. ಆದರೆ ಕಂಪನಿಗಳು ಮೊದಲ ವರ್ಷದ ಕಮಿಷನ್‌ಗೆ ಕತ್ತರಿ ಹಾಕಲು ಶುರು ಮಾಡಿದವು. ಬೇಗ ಬಿಟ್ಟುಹೋಗುವ ಗ್ರಾಹಕ ಈಗ ಮೊದಲಿಗಿಂತ ದುಬಾರಿ.

ಆದ್ದರಿಂದ ಇರುವ ಕೆಲಸ ಬಿಟ್ಟು ನೇರವಾಗಿ ಇದಕ್ಕೆ ಇಳಿಯಬೇಡಿ. ಕನಿಷ್ಠ ಆರು ತಿಂಗಳ ಮನೆ ಖರ್ಚು ಪಕ್ಕಕ್ಕೆ ಇಟ್ಟಿರಬೇಕು. ಅಂಗಡಿಯೋ, ತೋಟವೋ, ಟ್ಯೂಷನ್ನೋ ಇದ್ದರೆ ಮೊದಲ ಎರಡು ವರ್ಷ ಅದರ ಜೊತೆಯಲ್ಲೇ ಸಾಗಲಿ.

ಯಾರ ಮನೆಗೆ ಹೋಗುವುದು

ನೂರು ಹೆಸರಿನ ಪಟ್ಟಿ ಮಾಡಿ ಎಂದು ಡಿಒ ಹೇಳುತ್ತಾರೆ. ಮಾಡಿ. ಆದರೆ ನೆಂಟರ ಹೆಸರನ್ನು ಪಟ್ಟಿಯ ಕೊನೆಗೆ ಇಡಿ. ನೆಂಟರು ನಿಮ್ಮ ಮುಖ ನೋಡಿ ಮಾಡಿಸುತ್ತಾರೆ, ಅವರಿಗೆ ವಿಮೆ ಬೇಕಾಗಿರುವುದಿಲ್ಲ. ಅಂಥದ್ದೇ ಮೊದಲು ಲ್ಯಾಪ್ಸ್ ಆಗುವುದು. ಮದುವೆ ಮನೆಯಲ್ಲಿ ಮಾತ್ರ ಬ್ಯಾಗ್ ತೆರೆಯಬೇಡಿ. ಒಂದು ಕಾಲದಲ್ಲಿ ನಾನು ಪಂಕ್ತಿಯಲ್ಲಿ ಕೂತರೆ ಪಕ್ಕದ ಎಲೆ ಖಾಲಿ ಇರುತ್ತಿತ್ತು.

ಪಟ್ಟಿಯ ಮೇಲ್ಭಾಗದಲ್ಲಿ ಯಾರಿರಬೇಕು? ಹೊಸದಾಗಿ ಮಗು ಆದವರು. ಮನೆ ಸಾಲ ತೆಗೆದವರು. ಒಬ್ಬರ ದುಡಿಮೆಯಲ್ಲಿ ಐದು ಜನ ಊಟ ಮಾಡುವ ಮನೆ. ಗ್ಯಾರೇಜ್, ದರ್ಜಿ ಅಂಗಡಿ, ಬೇಕರಿ ಇಟ್ಟುಕೊಂಡವರು: ಇವರಿಗೆ ಪಿಂಚಣಿಯೂ ಇಲ್ಲ, ಆಫೀಸಿನ ಗುಂಪು ವಿಮೆಯೂ ಇಲ್ಲ. ರಾಜ್ಯ ಸರ್ಕಾರಿ ನೌಕರರಿಗೆ ಕೆಜಿಐಡಿ, ಅಂದರೆ ಸರ್ಕಾರದ್ದೇ ವಿಮೆಯ ಕಂತು, ಸಂಬಳದಲ್ಲೇ ಕಡಿತವಾಗುತ್ತಿರುತ್ತದೆ, ಅದು ಎಷ್ಟಿದೆ ಎಂದು ಕೇಳದೆ ಅವರ ಮುಂದೆ ಲೆಕ್ಕ ಹಾಕಬೇಡಿ.

ಮೊದಲ ಭೇಟಿಯಲ್ಲಿ ಪ್ಲಾನಿನ ಹೆಸರೇ ಎತ್ತಬೇಡಿ. "ಮನೆಯಲ್ಲಿ ದುಡಿಯೋರು ಎಷ್ಟು ಜನ? ಸಾಲ ಎಷ್ಟಿದೆ? ಈಗ ಯಾವ ಪಾಲಿಸಿ ಇದೆ, ಬಾಂಡ್ ತೋರಿಸ್ತೀರಾ?" ಇಷ್ಟೇ. ಹಳೆ ಬಾಂಡು ತೆಗೆದು ನೋಡಿದರೆ ಅರ್ಧ ಮನೆಗಳಲ್ಲಿ ನಾಮಿನಿ ತೀರಿಕೊಂಡಿರುತ್ತಾರೆ, ಇಲ್ಲವೇ ಮದುವೆಗೆ ಮುಂಚೆ ಮಾಡಿಸಿದ ಪಾಲಿಸಿಯಲ್ಲಿ ಅಮ್ಮನ ಹೆಸರೇ ಉಳಿದಿರುತ್ತದೆ. ಅದು ಬೇರೆ ಏಜೆಂಟ್ ಮಾಡಿಸಿದ್ದಾದರೂ ನಾಮಿನಿ ಬದಲಿಸುವ ಫಾರ್ಮ್ ತಂದುಕೊಡಿ. ಒಂದು ರೂಪಾಯಿಯೂ ಬರುವುದಿಲ್ಲ. ಮುಂದಿನ ಸಲ ಬಾಗಿಲು ತಟ್ಟಬೇಕಾಗಿಲ್ಲ, ಅವರೇ ಕರೆಯುತ್ತಾರೆ.

ಬ್ಯಾಂಕಿನಲ್ಲಿ ಸಿಗುವ ಎರಡು ಸರ್ಕಾರಿ ಯೋಜನೆಗಳ ಬಗ್ಗೆಯೂ ಹೇಳಿಬಿಡಿ. ಪ್ರಧಾನಮಂತ್ರಿ ಜೀವನ ಜ್ಯೋತಿಗೆ ವರ್ಷಕ್ಕೆ 436 ರೂಪಾಯಿ, ಸುರಕ್ಷಾ ಬಿಮಾಕ್ಕೆ 20 ರೂಪಾಯಿ. ಒಂದು ಸಾವಿಗೆ, ಇನ್ನೊಂದು ಅಪಘಾತಕ್ಕೆ, ತಲಾ 2 ಲಕ್ಷ. ಇದರಲ್ಲಿ ನಿಮಗೆ ಕಮಿಷನ್ ಇಲ್ಲ ಎಂದು ಜನರಿಗೆ ಗೊತ್ತಿರುತ್ತದೆ. ಅದಕ್ಕೇ ಹೇಳಬೇಕು.

ಕಂತು ಯಾವ ತಿಂಗಳಿಗೆ ಬೀಳಬೇಕು

ಇದನ್ನು ಯಾವ ತರಬೇತಿಯಲ್ಲೂ ನನಗೆ ಹೇಳಿಕೊಡಲಿಲ್ಲ. ನನ್ನ ಆ ಐದು ಲ್ಯಾಪ್ಸ್ ಪಾಲಿಸಿಗಳಲ್ಲಿ ಮೂರು ಅಡಿಕೆ ಬೆಳೆಗಾರರವು. ಮೂರರ ಕಂತೂ ಜೂನ್‌ನಲ್ಲಿ ಬೀಳುತ್ತಿತ್ತು, ಏಕೆಂದರೆ ನಾನು ಏಜೆನ್ಸಿ ತೆಗೆದುಕೊಂಡದ್ದು ಜೂನ್‌ನಲ್ಲಿ. ಜೂನ್ ಎಂದರೆ ಮಲೆನಾಡಿನಲ್ಲಿ ಏನು? ಕೊಳೆ ರೋಗಕ್ಕೆ ಬೋರ್ಡೋ ಹೊಡೆಸಬೇಕು, ಕೊನೆಗಾರರಿಗೆ ಕೂಲಿ, ಮಕ್ಕಳ ಶಾಲೆ ಫೀಸು, ಸೂರಿಗೆ ತಾಡಪಾಲು. ಆಗ ಹೋಗಿ 18,000 ಕಟ್ಟಿ ಎಂದರೆ ಯಾರು ಕಟ್ಟುತ್ತಾರೆ? ಅಡಿಕೆ ಮಾರಿ ದುಡ್ಡು ಬರುವುದು ಜನವರಿ ಆದ ಮೇಲೆ. ಈಗ ನಾನು ಬೆಳೆಗಾರರ ಪಾಲಿಸಿಯನ್ನು ಫೆಬ್ರವರಿ, ಮಾರ್ಚ್ ಹೊತ್ತಿಗೇ ಮಾಡಿಸುವುದು. ಕಾಫಿಯವರಿಗೂ ಹಾಗೆಯೇ, ಕೊಯ್ಲು ಮುಗಿದ ಮೇಲೆ. ಕಬ್ಬಿನವರಿಗೆ ಕಾರ್ಖಾನೆಯ ಬಿಲ್ ಯಾವಾಗ ಬರುತ್ತದೆ ಎಂದು ಕೇಳಿ. ಸಂಬಳದವರಿಗೆ ತಿಂಗಳ ಕಂತು, ಬ್ಯಾಂಕಿನಿಂದ ತಾನಾಗಿ ಕಡಿತವಾಗುವಂತೆ ಮಾಡಿಸಿ, ತಾರೀಕು ಸಂಬಳದ ಮರುದಿನ.

ಗಡುವು ದಾಟಿದರೂ ತಿಂಗಳ ಕಂತಿಗೆ 15 ದಿನ, ಉಳಿದವಕ್ಕೆ 30 ದಿನ ಗ್ರೇಸ್ ಇದೆ. ಆದರೆ ನೀವು ಫೋನ್ ಮಾಡಬೇಕಾದದ್ದು ಗಡುವಿಗೆ ಹದಿನೈದು ದಿನ ಮುಂಚೆ, ಗ್ರೇಸ್ ಮುಗಿಯುವ ದಿನ ಅಲ್ಲ. ಒಂದು ಡೈರಿಯಲ್ಲಿ ತಿಂಗಳಿಗೊಂದು ಪುಟ ಹಾಕಿ ಹೆಸರು ಬರೆದುಕೊಳ್ಳಿ. ಆಪ್ ಇದೆ, ಬೇಕಾದರೆ ಅದರಲ್ಲೂ ಹಾಕಿ. ನನಗೆ ಡೈರಿಯೇ ಆಗುವುದು.

ಕಂತು ಎಷ್ಟಿರಬೇಕು ಎಂಬುದೂ ಇಲ್ಲೇ ಬರುತ್ತದೆ. ಗ್ರಾಹಕ ಹುರುಪಿನಲ್ಲಿ 50,000 ಎಂದರೆ ನಾನು 30,000ಕ್ಕೆ ಇಳಿಸುತ್ತೇನೆ. ಬ್ರಾಂಚಿನಲ್ಲಿ ಇದಕ್ಕೆ ಬೈಸಿಕೊಂಡಿದ್ದೇನೆ.

ಚಿಕ್ಕ ಮಕ್ಕಳಿರುವ ಮನೆಗೆ ಮೊದಲು ಟರ್ಮ್ ಪ್ಲಾನ್ ತೋರಿಸಿ ಎಂಬುದು ನನ್ನ ಅಭಿಪ್ರಾಯ. "ಸತ್ರೆ ಮಾತ್ರಾನಾ? ಬದುಕಿದ್ರೆ ಏನೂ ಬರಲ್ವಾ?" ಎಂದು ಕೇಳಿಯೇ ಕೇಳುತ್ತಾರೆ. "ಗಾಡಿ ವಿಮೆಯಲ್ಲಿ ಆಕ್ಸಿಡೆಂಟ್ ಆಗದಿದ್ದರೆ ದುಡ್ಡು ವಾಪಸ್ ಕೇಳ್ತೀರಾ ಅಣ್ಣ?" ಎಂದು ನಾನು ಕೇಳುತ್ತೇನೆ. ಕೆಲವರು ನಗುತ್ತಾರೆ, ಕೆಲವರು ಮನಿಬ್ಯಾಕೇ ಬೇಕು ಎನ್ನುತ್ತಾರೆ. ಕೊಡಿ, ಆದರೆ ಎಫ್‌ಡಿ ಎಂದು ಹೇಳಿ ಮಾರಬೇಡಿ. ಶೇಕಡಾ 4 ಮತ್ತು 8ರ ಲೆಕ್ಕದಲ್ಲಿ ಎಷ್ಟು ಬರಬಹುದು ಎಂದು ತೋರಿಸುವ ಹಾಳೆಗೆ ಸಹಿ ಹಾಕಿಸುತ್ತೀರಲ್ಲ, ಅದರಲ್ಲಿ 4ರ ಕಾಲಂ ಮೇಲೆ ಬೆರಳಿಟ್ಟು ತೋರಿಸಿ. ಬಾಂಡ್ ಕೈಗೆ ಬಂದ ಮೇಲೆ ಬೇಡ ಎನಿಸಿದರೆ 30 ದಿನದೊಳಗೆ ವಾಪಸ್ ಕೊಡಬಹುದು ಎಂದೂ ನೀವೇ ಹೇಳಿ.

"ಮೊದಲ ಕಂತು ನೀನೇ ಕಟ್ಟಪ್ಪಾ"

ಈ ಮಾತು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. ನಮ್ಮ ಭಾವ ಕೇಳಿದ್ದೂ ಇದನ್ನೇ. "ಕಮಿಷನ್ ಹೇಗೂ ಬರುತ್ತಲ್ಲ, ಅರ್ಧ ಬಿಡು." ಅಕ್ಕನ ಮುಖ ನೋಡಿ ಬಿಟ್ಟೆ. ಎರಡನೇ ವರ್ಷ ಮತ್ತೆ ಕೇಳಿದರು, ಆ ವರ್ಷದ ಕಮಿಷನ್ ಐದನೇ ಒಂದು ಭಾಗಕ್ಕೆ ಇಳಿದಿತ್ತು. ಬಿಡಲು ನನ್ನ ಹತ್ತಿರ ಏನೂ ಇರಲಿಲ್ಲ. ಕಂತು ನಿಂತಿತು. ಮಾತೂ ಆರು ತಿಂಗಳು ನಿಂತಿತು.

ಕಮಿಷನ್ ಹಂಚಿಕೊಳ್ಳುವುದು 1938ರ ವಿಮಾ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಅಪರಾಧ. ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ದಂಡ 10 ಲಕ್ಷ ರೂಪಾಯಿವರೆಗೆ. ಪ್ರೊಪೋಸಲ್ ಫಾರ್ಮಿನಲ್ಲೇ, ಅಂದರೆ ಗ್ರಾಹಕ ವಿಮೆಗೆ ಹಾಕುವ ಅರ್ಜಿಯಲ್ಲೇ, ಇದು ಅಚ್ಚಾಗಿರುತ್ತದೆ. ನಾನು ಈಗ ಫಾರ್ಮ್ ತಿರುಗಿಸಿ ಅದನ್ನೇ ಓದಲು ಕೊಡುತ್ತೇನೆ. ಊರಿನಲ್ಲಿ ಎಲ್ಲರೂ ಕೊಡುತ್ತಾರೆ ಎಂಬುದು ನಿಜ, ಕೊಡುವವರ ಹತ್ತಿರ ಹೋಗುವ ಗ್ರಾಹಕರೂ ಇದ್ದಾರೆ. ಹೋಗಲಿ. ರಿಯಾಯಿತಿಗೆ ಬಂದವನು ಮುಂದಿನ ವರ್ಷ ಇನ್ನೊಬ್ಬರ ರಿಯಾಯಿತಿಗೆ ಹೋಗುವವನೇ. ನನ್ನ ಕಮಿಷನ್ ಎಷ್ಟು ಎಂದು ಗ್ರಾಹಕ ಕೇಳಿದರೆ ಮಾತ್ರ ಮುಚ್ಚಿಡಬೇಡಿ, ಕೇಳಿದಾಗ ಹೇಳಬೇಕು ಎಂದು ನಿಯಮವೇ ಇದೆ.

ನಗದು ವಿಷಯದಲ್ಲೂ ಬಿಗಿಯಾಗಿರಿ. ಕಂಪನಿಗೆ ಪ್ರೀಮಿಯಂ ಮುಟ್ಟದೆ ವಿಮೆ ಶುರುವಾಗುವುದಿಲ್ಲ. ಏಜೆಂಟ್ ಹಣ ಪಡೆದರೆ ರಜೆ ಬಿಟ್ಟು 24 ಗಂಟೆಯೊಳಗೆ ಕಟ್ಟಬೇಕು ಎಂದು 64ವಿಬಿ ಸೆಕ್ಷನ್ ಹೇಳುತ್ತದೆ. ನಮ್ಮ ಕಡೆ ಒಬ್ಬ ಹುಡುಗ ಶನಿವಾರ ಗೂಡ್ಸ್ ಆಟೋದವನ ಹತ್ತಿರ ದುಡ್ಡು ತೆಗೆದುಕೊಂಡು ಸೋಮವಾರ ಕಟ್ಟಿದರಾಯಿತು ಎಂದು ಜೇಬಿನಲ್ಲಿ ಇಟ್ಟುಕೊಂಡ. ಭಾನುವಾರ ಆ ಆಟೋ ಒಬ್ಬರಿಗೆ ಗುದ್ದಿತು. ಮುಂದಿನ ಎರಡು ವರ್ಷ ಇಬ್ಬರೂ ಕೋರ್ಟಿಗೆ ಅಲೆದರು. ಈಗ ಎಲ್ಲರ ಮೊಬೈಲಿನಲ್ಲೂ ಯುಪಿಐ ಇದೆ. ಗ್ರಾಹಕನೇ ಕಂಪನಿಗೆ ಕಟ್ಟಲಿ, ನೀವು ಪಕ್ಕದಲ್ಲಿ ಕೂತು ತೋರಿಸಿಕೊಡಿ.

ಫಾರ್ಮ್ ತುಂಬುವಾಗ

ಪ್ರೊಪೋಸಲ್ ಫಾರ್ಮಿನಲ್ಲಿ ಆರೋಗ್ಯದ ಪ್ರಶ್ನೆಗಳ ಸಾಲು ಇರುತ್ತದೆ. ಅವಸರದ ಏಜೆಂಟ್ ಎಲ್ಲದಕ್ಕೂ "ಇಲ್ಲ" ಎಂದು ಟಿಕ್ ಹಾಕಿ ಸಹಿ ಮಾಡಿಸುತ್ತಾನೆ. ಗ್ರಾಹಕನಿಗೂ ಅದೇ ಸುಲಭ. ಆ "ಇಲ್ಲ"ದ ಬೆಲೆ ಗೊತ್ತಾಗುವುದು ಆತ ತೀರಿಕೊಂಡ ಮೇಲೆ, ಅವನ ಹೆಂಡತಿಗೆ.

ನಾನು ಪ್ರಶ್ನೆಗಳನ್ನು ಕನ್ನಡದಲ್ಲಿ ಒಂದೊಂದಾಗಿ ಕೇಳುತ್ತೇನೆ. "ತಂಬಾಕು ಸೇವನೆ ಇದೆಯೇ" ಎಂದರೆ ಇಲ್ಲ ಎನ್ನುತ್ತಾರೆ. "ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕ್ತೀರಾ?" ಎಂದರೆ ಹೌದು ಎನ್ನುತ್ತಾರೆ. "ಮಧುಮೇಹ" ಎಂದರೆ ಇಲ್ಲ, "ಶುಗರ್ ಮಾತ್ರೆ ತಗೋತೀರಾ" ಎಂದರೆ "ಅರ್ಧ ಮಾತ್ರೆ ಅಷ್ಟೇ". ಅರ್ಧ ಮಾತ್ರೆಯನ್ನೂ ಬರೆಯಿರಿ. ಕಂತು ಸ್ವಲ್ಪ ಏರಬಹುದು, ಮೆಡಿಕಲ್ ಟೆಸ್ಟ್ ಕೇಳಬಹುದು. ಜೀವ ವಿಮೆಯಲ್ಲಿ ಮೂರು ವರ್ಷ ಕಳೆದ ಮೇಲೆ ಕಂಪನಿ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ ಎಂದು 45ನೇ ಸೆಕ್ಷನ್ ಇದೆ. ಅದನ್ನೇ ನಂಬಿಕೊಂಡು ಸುಳ್ಳು ಬರೆಸುವ ಏಜೆಂಟರಿದ್ದಾರೆ. ಸಾವು ಮೂರು ವರ್ಷ ಕಾಯುತ್ತದಾ?

ಆರೋಗ್ಯ ಮತ್ತು ಗಾಡಿ ವಿಮೆ

ಜೀವ ವಿಮೆ ಒಂದನ್ನೇ ಹಿಡಿದು ಕೂರಬೇಡಿ. ಆರು ತಿಂಗಳಾದ ಮೇಲೆ ಆರೋಗ್ಯ ವಿಮೆಯನ್ನೂ ಸಾಮಾನ್ಯ ವಿಮೆಯನ್ನೂ ಸೇರಿಸಿಕೊಳ್ಳಿ. ಪ್ರತಿ ವರ್ಷ ರಿನ್ಯೂವಲ್ ಬರುವುದರಿಂದ ವರ್ಷಕ್ಕೊಮ್ಮೆ ಅವರ ಮನೆಗೆ ಹೋಗಲು ಕಾರಣ ಸಿಗುತ್ತದೆ.

ಗಾಡಿಯಲ್ಲಿ ಒಂದು ಗೊಂದಲ ಎಲ್ಲ ಕಡೆ ಇದೆ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷ, ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ (ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ) ಕಡ್ಡಾಯ. "ನನ್ನ ಬೈಕಿಗೆ ಐದು ವರ್ಷ ಇನ್ಶೂರೆನ್ಸ್ ಇದೆ" ಎಂದು ಜನ ನೆಮ್ಮದಿಯಾಗಿರುತ್ತಾರೆ. ಬೈಕ್ ಕಳುವಾದರೆ ಅದರಲ್ಲಿ ಪೈಸೆ ಬರುವುದಿಲ್ಲ. ಸ್ವಂತ ಗಾಡಿಯ ಹಾನಿಗೆ ಬೇರೆ ಪಾಲಿಸಿ ಬೇಕು, ಅದು ಬಹಳ ಜನರದ್ದು ಒಂದೇ ವರ್ಷಕ್ಕೆ ಮುಗಿದಿರುತ್ತದೆ. ಇನ್ನು ಕ್ಲೇಮ್ ಮಾಡದವರಿಗೆ ಸಿಗುವ ಬೋನಸ್ ರಿಯಾಯಿತಿ 20ರಿಂದ ಏರುತ್ತಾ ಶೇಕಡಾ 50ರವರೆಗೆ ಹೋಗುತ್ತದೆ. ಪಾಲಿಸಿ ಮುಗಿದು 90 ದಿನ ದಾಟಿದರೆ ಅದು ಹೋಯಿತು. ಈ ಎರಡು ಮಾತು ಹೇಳಿದ್ದಕ್ಕೇ ಗ್ಯಾರೇಜಿನವರೊಬ್ಬರು ನನಗೆ ಗ್ರಾಹಕರನ್ನು ಕಳಿಸಲು ಶುರು ಮಾಡಿದರು.

ಆರೋಗ್ಯ ವಿಮೆಗೆ ಹೋದರೆ ಮೊದಲ ಉತ್ತರ "ನಮ್ಮ ಹತ್ರ ಕಾರ್ಡ್ ಇದೆ". ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. ಅದು ಸಾಕಾಗುವ ಮನೆಗೆ ಮತ್ತೊಂದು ಹೊರೆ ಹೊರಿಸಬೇಡಿ. ಎಪಿಎಲ್ ಕಾರ್ಡಿನವರಿಗೆ ಯೋಜನೆ ಕೊಡುವುದು ನಿಗದಿ ವೆಚ್ಚದ ನೂರಕ್ಕೆ 30 ಭಾಗ ಮಾತ್ರ. ಅಲ್ಲಿ ನಿಮ್ಮ ಕೆಲಸ ಇದೆ.

ಪಾಲಿಸಿ ತೋರಿಸುವಾಗ ಪ್ರೀಮಿಯಂ ಆಮೇಲೆ, ಮೊದಲು ಮೂರು ಸಾಲು. ಮೊದಲಿಂದ ಇದ್ದ ಕಾಯಿಲೆಗೆ ಎಷ್ಟು ಕಾಯಬೇಕು (ಈಗ ಗರಿಷ್ಠ 36 ತಿಂಗಳು)? ಬಿಲ್ಲಿನಲ್ಲಿ ನೂರಕ್ಕೆ ಇಷ್ಟು ಗ್ರಾಹಕನೇ ಕಟ್ಟಬೇಕು ಎಂದಿದೆಯಾ? ರೂಮಿನ ಬಾಡಿಗೆಗೆ ಮಿತಿ ಇದೆಯಾ? ಮೂರನೆಯದು ಎಲ್ಲರನ್ನೂ ಬೀಳಿಸುತ್ತದೆ. ದಿನಕ್ಕೆ 4,000 ಮಿತಿ ಇರುವವರು 8,000ದ ರೂಮಿಗೆ ಹೋದರೆ ಹೆಚ್ಚಿನ ಬಾಡಿಗೆ ಮಾತ್ರ ಕೈಯಿಂದ ಹೋಗುತ್ತದೆ ಎಂದುಕೊಳ್ಳುತ್ತಾರೆ. ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ಖರ್ಚಿನಲ್ಲೂ ಅದೇ ಅನುಪಾತದಲ್ಲಿ ಕಡಿತ ಬೀಳಬಹುದು. ಅಡ್ಮಿಟ್ ಆಗುವಾಗಲೇ ನಿಮಗೆ ಫೋನ್ ಮಾಡಲು ಹೇಳಿ.

ಕ್ಲೇಮ್ ಬಂದ ದಿನ

ಸಾವಿನ ಮನೆಗೆ ಹೋಗಿ, ಆದರೆ ಫಾರ್ಮ್ ತೆಗೆದುಕೊಂಡು ಹೋಗಬೇಡಿ. ಮನೆಯ ಹಿರಿಯರೊಬ್ಬರನ್ನು ಪಕ್ಕಕ್ಕೆ ಕರೆದು ಒಂದೇ ವಿಷಯ ಹೇಳಿ: ಮರಣವನ್ನು 21 ದಿನದೊಳಗೆ ನೋಂದಾಯಿಸಿ, ಹೆಸರು ಆಧಾರಿನಲ್ಲಿ ಇರುವಂತೆಯೇ ಬರೆಸಿ. ಅಪಘಾತವಾದರೆ ಎಫ್‌ಐಆರ್ ಮತ್ತು ಪೋಸ್ಟ್‌ಮಾರ್ಟಂ ವರದಿ ಬೇಕು ಎಂದೂ ಹೇಳಿ. ತಿಥಿ ಮುಗಿದ ಮೇಲೆ ಬಾಂಡು, ಮರಣ ಪತ್ರ, ನಾಮಿನಿಯ ಆಧಾರ್, ಪಾಸ್‌ಬುಕ್ ಸೇರಿಸಿ. ಎಲ್‌ಐಸಿಯಾದರೆ 3783 ನಂಬರಿನ ಫಾರ್ಮ್. ತನಿಖೆ ಬೇಡದ ಕ್ಲೇಮನ್ನು 15 ದಿನದಲ್ಲಿ, ತನಿಖೆ ಬೇಕಾದ್ದನ್ನು 45 ದಿನದಲ್ಲಿ ಮುಗಿಸಬೇಕು ಎಂಬ ಗಡುವು ಕಂಪನಿಗಿದೆ. ಮೂರು ವರ್ಷದೊಳಗಿನ ಸಾವಾದರೆ ತನಿಖೆಗೆ ಬರುತ್ತಾರೆ, ಮನೆಯವರು ಗಾಬರಿಯಾಗದಂತೆ ಮೊದಲೇ ಹೇಳಿಡಿ.

ಕಂಪನಿ ತಿರಸ್ಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು, ಆಮೇಲೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್, ಕೊನೆಗೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್. ಅಲ್ಲಿ 50 ಲಕ್ಷದವರೆಗಿನ ವ್ಯಾಜ್ಯ ನಡೆಯುತ್ತದೆ, ಶುಲ್ಕವಿಲ್ಲ, ವಕೀಲರೂ ಬೇಡ. ಕಂಪನಿಯ ಏಜೆಂಟಾಗಿ ಗ್ರಾಹಕನಿಗೆ ಈ ದಾರಿ ತೋರಿಸಬಹುದಾ ಎಂದು ಹೊಸಬರು ಹಿಂಜರಿಯುತ್ತಾರೆ. ಪಾಲಿಸಿ ಕಾಗದದಲ್ಲೇ ಓಂಬುಡ್ಸ್‌ಮನ್ ವಿಳಾಸ ಅಚ್ಚಾಗಿದೆ. ಓದಿ ಹೇಳುವುದಕ್ಕೆ ಯಾಕೆ ಹೆದರಿಕೆ?

ತೆರಿಗೆ ಮತ್ತು ನಿಮ್ಮ ಸ್ವಂತ ಲೆಕ್ಕ

ವರ್ಷದ ಕಮಿಷನ್ 20,000 ದಾಟಿದರೆ ಕಂಪನಿ ನೂರಕ್ಕೆ 2ರಂತೆ ಟಿಡಿಎಸ್, ಅಂದರೆ ಕೊಡುವಾಗಲೇ ಕಡಿಯುವ ತೆರಿಗೆ, ಹಿಡಿಯುತ್ತದೆ. 2025ರ ಏಪ್ರಿಲ್‌ಗೆ ಮುಂಚೆ ಇದು 5 ಇತ್ತು. ಒಟ್ಟು ಆದಾಯ ತೆರಿಗೆ ಮಿತಿಯೊಳಗೆ ಇದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು. ಹಾಕದೆ ಬಿಟ್ಟು ಕಳೆದುಕೊಳ್ಳುವವರು ನಮ್ಮಲ್ಲಿ ಬೇಕಾದಷ್ಟು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗಳ ಪ್ರೀಮಿಯಂ ಮೇಲೆ ಜಿಎಸ್‌ಟಿ ಇಲ್ಲ. ಗ್ರಾಹಕರಿಗೆ ಇದನ್ನು ಹೇಳಲು ಮರೆಯಬೇಡಿ. ಗಾಡಿ ವಿಮೆಯ ಮೇಲೆ ಈಗಲೂ ಇದೆ.

ಸಣ್ಣ ವ್ಯಾಪಾರಿಗಳಿಗೆ ಅಂದಾಜು ಲಾಭ ತೋರಿಸಿ ತೆರಿಗೆ ಕಟ್ಟುವ ಸುಲಭದ ದಾರಿ ಇದೆಯಲ್ಲ, ಅದು ಕಮಿಷನ್ ಆದಾಯಕ್ಕೆ ಸಿಗುವುದಿಲ್ಲ. ಹಾಗಾಗಿ ಖರ್ಚಿನ ಲೆಕ್ಕ ಬೇಕು. ಪೆಟ್ರೋಲ್, ಫೋನ್ ರೀಚಾರ್ಜ್, ಝೆರಾಕ್ಸ್, ಗ್ರಾಹಕರಿಗೆ ಕೊಡುವ ಕ್ಯಾಲೆಂಡರು, ಡೈರಿ. ನಾನು ಬಾಗಿಲ ಹಿಂದಿನ ಮೊಳೆಗೆ ಒಂದು ಬಟ್ಟೆ ಚೀಲ ನೇತು ಹಾಕಿದ್ದೇನೆ. ಪ್ರತಿ ದಿನ ಸಂಜೆ ಜೇಬು ಖಾಲಿ ಮಾಡಿ ರಸೀದಿಗಳನ್ನೆಲ್ಲ ಅದಕ್ಕೆ ಹಾಕುತ್ತೇನೆ. ಏಪ್ರಿಲ್ ಒಂದಕ್ಕೆ ಚೀಲ ಆಡಿಟರ್ ಹತ್ತಿರ ಹೋಗುತ್ತದೆ, ಹೊಸ ಚೀಲ ಮೊಳೆಗೆ ಬರುತ್ತದೆ. ಪೆಟ್ರೋಲ್ ಬಂಕಿನ ರಸೀದಿಯ ಅಕ್ಷರ ಎರಡೇ ತಿಂಗಳಲ್ಲಿ ಮಾಸಿಹೋಗುತ್ತದೆ, ಅದರ ಫೋಟೋ ತೆಗೆದಿಟ್ಟುಕೊಳ್ಳಿ.